ಗವಸು ಸಮೇತ ಏಳು ಕಾರ್ಡು

ಐವಾನ್-ಎ-ಶಾಹಿ, ಕಲಬುರಗಿ
೭-೪-೨೦೨೫

ಗುರುಲಿಂಗಪ್ಪನವರಿಗೆ ಅಮರನಾಥನ ಶರಣು.

ನಿನ್ನಿ ನಿಮ್ಮ ಅಂಗಡಿ ಮ್ಯಾಲಿನ ಕೋಣ್ಯಾಗ, ಕಾರ್ಡು ಕೂಡಿಸೋ ಮಂಡಳಿಯ ಎಲ್ಲಾರ ಮುಂದ ಕೇಳಿದ್ರಿ: "ಕಮಲಾಪುರದ ಆ ವ್ಯವಹಾರ ನಿಮಗ ಎಷ್ಟಕ್ಕ ಬಿತ್ರೀ?" ನೀವು ನಗಲಾಕ ಕೇಳಿದ್ರಿ. ನಾ ಮನಿಗಿ ಬಂದು ಖರೇನೇ ಕೂಡಿಸಿದೆ.

ಸ್ಪೀಡ್ ಪೋಸ್ಟ್ ಹತ್ತು, ಒಂದಕ್ಕ ನಲವತ್ತೊಂದರಂತೆ ನಾನೂರ ಹತ್ತು. ಲಕೋಟಿ, ರಟ್ಟು, ಅಂಟು ಹಿಡಿದು ತೊಂಬತ್ತು. ಕಮಲಾಪುರಕ್ಕ ಒಂದು ಸಲ ಬಸ್ಸಿನ್ಯಾಗ ಹೋಗಿ ಬಂದದ್ದು ನೂರು. ಎರಡು ಡಜನ್ ಕೆಂಪು ಬಾಳಿಹಣ್ಣು, ಎರಡು ನೂರಾ ನಲವತ್ತು. ತಿನ್ನೋನು ನಾನೊಬ್ಬನೇ, ಅರ್ಧ ಕೆಟ್ಟವು. ಒಟ್ಟು ಎಂಟು ನೂರಾ ನಲವತ್ತು ರೂಪಾಯಿ. ಇದರ ಮ್ಯಾಲ ಐದು ಗವಸು ಬಿಡಸಿಕೊಳ್ಳಲಾಕ ನಿಮ್ಮ ಮಂಡಳಿ ಮಂದಿಗಿ ಎಣಿಸಿ ಕೊಟ್ಟ ಹನ್ನೊಂದು ಕಾರ್ಡು. ಮತ್ತ ಒಬ್ಬ ಗೆಳೆಯ, ಎರಡನೇ ಸಲ.

ಬರದ ಪತ್ರದ ನಕಲು ಇಡೋದು ನನಗ ಕಾರ್ಖಾನಿ ಹಾಕಿದಾಗಿಂದ ಬಂದ ಚಟ. ನನ್ನ ನಕಲು, ಕಮಲಾಪುರದ ಮಕ್ಸೂದನ ಪತ್ರ, ನಡುವ ನಿಮ್ಮದೂ ಒಂದು, ತಾರೀಕಿನ ಪ್ರಕಾರ ಜೋಡಿಸಿ ಕಳಸೀನಿ. ಎಲ್ಲಾ ಇಲ್ಲ. ಮಳಿ, ಬಿಸಿಲು, ಮೊಣಕಾಲು ನೋವು ಇಷ್ಟೇ ಇದ್ದವು ತೆಗದೀನಿ. ಓದಿ ವಾಪಸ್ ಕೊಡ್ರಿ.

ನಿಮ್ಮ
ಅಮರನಾಥ

~

ಕಪನೂರ, ಕಲಬುರಗಿ
೧೧-೮-೨೦೨೪

ಮಕ್ಸೂದ್ ಅವರಿಗೆ,

ನೀವು ಅನ್ನಬೇಕೋ ನೀನು ಅನ್ನಬೇಕೋ ತಿಳೀಲಾರದೆ ಹೆಸರು ಹಿಂಗ ಬರದೀನಿ. ಇಲ್ಲಿಂದ ಮುಂದ ನೀನು ಅಂತೀನಿ. ಬ್ಯಾಡಾದ್ರ ತಿದ್ದು.

ನಾ ಅಮರನಾಥ. ಎಂಟನೇತ್ತಾ 'ಬ' ವರ್ಗ, ಕಿಡಕಿ ಬಾಜೂಕಿನ ಬೆಂಚು. ಈಗ ಕಪನೂರದಾಗ ದಾಲ್ ಮಿಲ್ಲಿಗಿ ಜರಡಿ ಮಾಡೋ ಕಾರ್ಖಾನಿ ಅದ ನಂದು. ಆರು ಮಂದಿ ಕೆಲಸದವರು. ಸ್ವಂತ ಮನಿ. ಇಷ್ಟು ಸಾಕು.

ನಮ್ಮ ಕಾಲದ ಬಬಲ್ ಗಮ್ಮಿನ ಕ್ರಿಕೆಟ್ ಕಾರ್ಡು ಕೂಡಿಸೋರ ಮಂಡಳಿ ಒಂದು ಇಲ್ಲಿ ಅದ. ತಿಂಗಳ ಮೊದಲ ಐತವಾರ ಗುರುಲಿಂಗಪ್ಪ ಅನ್ನೋರ ಪುಸ್ತಕದಂಗಡಿ ಮ್ಯಾಲ ಕೂಡತೀವಿ, ನಲವತ್ತೈವತ್ತು ವಯಸ್ಸಿನ ಗಂಡಸರು, ಕೂದಲಾ ಬೆಳ್ಳಗಾದವರು, "ನಿಂದು ಡಬಲ್ ಅದಾ? ನಂದು ತೊಗೋ" ಅಂತ. ಆ ಗುಂಪಿನ ವಾಟ್ಸಾಪಿಗಿ ಅಮೀನಾ ಅನ್ನೋ ಹುಡುಗಿ ಒಂದು ಪಟ್ಟಿ ಹಾಕಿದ್ಲು: "ನಮ್ಮ ಅಬ್ಬಾ ಹತ್ತಿರ ಇರುವ ಕಾರ್ಡು, ಬೇಕಾದ ಕಾರ್ಡು." ಕೆಳಗ ಹೆಸರು, ಕಮಲಾಪುರ, ಟೇಲರ್. ನಾ ಆ ಪಟ್ಟಿ ಮೂರು ಸಲ ಓದಿದೆ.

ನಿನಗ ಬೇಕಾದ ಹನ್ನೊಂದರಾಗ ಎಂಟು ನನ್ನ ಹತ್ರ ಡಬಲ್ ಅದಾವ. ನನಗೂ ಎಪ್ಪತ್ತೆರಡರ ಸೆಟ್ಟಿನ್ಯಾಗ ಭಾಳ ಕಮ್ಮಿ ಬಿದ್ದಾವ. ನಿನ್ನ ಕಡಿ ಇರೋದರಾಗ ನನಗ ಬೇಕಾದವು: ೭, ೧೨, ೩೩, ೩೬, ೫೧, ೬೦. ಒಂದಕ್ಕ ಒಂದು. ಒಪ್ಪಿಗಿ ಇದ್ದರ ಕೆಳಗಿನ ನಂಬರಿಗಿ ಫೋನ್ ಮಾಡು. ಯಾವಾಗ ಮಾಡಿದ್ರೂ ಎತ್ತತೀನಿ.

ಅಮರನಾಥ

~

ಕಮಲಾಪುರ
೨೦-೮-೨೦೨೪

ಅಮರನಾಥಗ ಮಕ್ಸೂದನ ಸಲಾಂ.

ಪತ್ರ ಮುಟ್ಟಿತು. ಫೋನ್ ನಂಬರ್ ದೊಡ್ಡ ಅಕ್ಷರದಾಗ ಬರದಿ. ನಾ ಮಾಡಲ್ಲ. ನಿನ್ನ ಜೋಡಿ ಬಾಯಿಲೆ ವ್ಯಾಪಾರ ಮಾಡಿ ಒಮ್ಮೆ ನೋಡೀನಿ.

ನೀ ಮರತಿದ್ದರ ನಾ ಬರೀತೀನಿ. ೧೯೯೧, ಶಾಲಿ ಹಿಂದಿನ ಬೇವಿನ ಗಿಡ. ನನ್ನ ಕೈಯಾಗ ಆ ವಿಕೆಟ್ ಕೀಪರ್ ಕಾರ್ಡು, ಊರಿಗೊಂದು ಸಿಗೋ ಮಾಲು. "ಮಕ್ಸೂದಾ, ಇದರ ಹಿಂದಿನ ಅಂಕಿ ತಪ್ಪು ಛಾಪ ಆಗ್ಯದಲೇ, ಕಂಪನಿಯವರು ಇನಾಮಿಗಿ ಇದನ್ನ ತೊಗೊಳ್ಳಲ್ಲ, ಪಾಪ ನಾ ಮೂರು ಕಾರ್ಡು ಕೊಡ್ತೀನಿ" ಅಂದಿ. ಪಾಪ ಅನ್ನೋ ಮಾತು ಹೆಚ್ಚಿಂದು. ಸೋಮವಾರ ನೋಡ್ತೀನಿ, ಅದೇ ಕಾರ್ಡು ಕೊಟ್ಟು ಹತ್ತನೇತ್ತಾದ ಹುಡುಗನ ಬ್ಯಾಟು ಹಿಡ್ಕೊಂಡು ನಿಂತಿ. ಅದೇ ಬ್ಯಾಟು ನಮಗೆಲ್ಲಾ ಓವರಿಗಿ ಎಂಟಾಣೆ ಬಾಡಗಿ ಕೊಟ್ಟಿ. ನಾನೂ ಎರಡು ಓವರ್ ಆಡೀನಿ, ರೊಕ್ಕ ಕೊಟ್ಟು. ಅದೇ ವರ್ಷ ಅಬ್ಬಾ ಇಲ್ಲಿ ಅಂಗಡಿ ಹಾಕಿದ್ರು, ನಾವು ಬಂದ್ವಿ. ನಿನಗ ಹೇಳಿ ಬರ್ಲಿಲ್ಲ.

ಕಾರ್ಡು ನನಗೂ ಬೇಕು, ಅದಕ್ಕ ಕರಾರು ಹಾಕ್ತೀನಿ. ಫೋನ್ ಇಲ್ಲ, ಪೋಸ್ಟ್ ಮಾತ್ರ. ಒಂದಕ್ಕ ಒಂದು, ಒಮ್ಮೆಗೆ ಒಂದೇ. ಪ್ರತಿ ಕಾರ್ಡಿನ ಕೂಡ ಅದು ನಿನ್ನ ಕೈಗಿ ಹೆಂಗ ಬಂತು ಅಂತ ಖರೇ ಖರೇ ಬರೀಬೇಕು. ಬಾಯಿಲೆ ನೀ ಗೆಲ್ತಿ, ಕಾಗದದ ಮ್ಯಾಲ ನೀನೂ ನನ್ನಷ್ಟೇ ಗಟ್ಟಿ.

ಇದರಾಗ ೩೩ ಅದ. ಇದು ಕೌಸರ್ ತವರಿನ ಹಳೇ ಟ್ರಂಕಿನ್ಯಾಗ ಸಿಕ್ಕಿದ್ದು, ಅವಳ ಅಣ್ಣಂದು. ಕೌಸರ್ ಅಂದ್ರ ನನ್ನ ಹೆಂಡತಿ. ಕಾಗದದಾಗ ಕಾರ್ಡಿನ ಮೂಲಿ ಮುರಿತಾವ ಅಂತ ಯುನಿಫಾರ್ಮ್ ಹೊಲ್ದು ಉಳಿದ ನೀಲಿ ಚೌಕಡಿ ಅರಿವಿಲೆ ಗವಸು ಹೊಲದೀನಿ. ಒಳಗ ಮೆತ್ತಂದು. ಗುಂಡಿ ಹಚ್ಚಿಲ್ಲ, ಕಾರ್ಡಿಗಿ ಒತ್ತತದ.

ಮಕ್ಸೂದ್

~

ಐವಾನ್-ಎ-ಶಾಹಿ
೨-೯-೨೦೨೪

ಮಕ್ಸೂದಾ,

೩೩ ಮುಟ್ಟಿತು, ಒಂದು ಮೂಲಿ ಸುದ್ದಾ ಮುರಿದಿಲ್ಲ. ಗವಸು ನೋಡಿ ನಮ್ಮ ಮೇಸ್ತ್ರಿ ಮಲಂಗಸಾಬ ಅಂದ, "ಸಾವ್ಕಾರ್, ನಮ್ಮ ಜರಡಿಗೂ ಹಿಂಗ ಯಾರಾದ್ರೂ ಅಂಗಿ ಹೊಲದಿದ್ರ ಬಿಲ್ಲು ಎರಡು ಪಟ್ಟು ಹಾಕಬಹುದಿತ್ತು." ನಾ ಅವಗ ಅದೇ ಕಲಸೀನಿ ನೋಡು, ಇಪ್ಪತ್ತು ವರ್ಷ.

ಬೇವಿನ ಗಿಡದ್ದು ಮರತಿಲ್ಲ. ಆ ಬ್ಯಾಟಿನ ಬಾಡಗಿ ನೂರಾ ಹದಿನಾಲ್ಕು ರೂಪಾಯಿ ಆಗಿತ್ತು. ಅದೇ ನನ್ನ ಮೊದಲ ಬಂಡವಾಳ. ಇದನ್ನ ಬ್ಯಾಂಕಿನವರಿಗಿ ಒಂದು ರೀತಿ ಹೇಳ್ತೀನಿ, ಸಂಬಂಧಿಕರ ಮನ್ಯಾಗ ಒಂದು ರೀತಿ. ನಿನಗ ಹಿಂಗ ಹೇಳಲಾಕತ್ತೀನಿ.

ಇದರಾಗ ೧೯ ಅದ. ಸೊಲ್ಲಾಪುರದ ರದ್ದಿ ವ್ಯಾಪಾರಿ ಕಡಿಂದ ಬಂತು. ಜರಡಿ ಕೊಡಲಾಕ ಹೋದಾಗ ಒಂದು ಡಬ್ಬಿ ತುಂಬಾ ಇದ್ದವು, ತೂಕದ ಮ್ಯಾಲ ತಂದೆ. ಖರೇ ಅದ.

ಕರಾರಿನ ಪ್ರಕಾರ ಕಾರ್ಡಿನ ಸುದ್ದಿ ಮುಗೀತು. ಜಾಗ ಉಳದದ ಅಂತ ಬರೀತೀನಿ. ತೂತು ಹೊಡಿಯೋ ಮಷಿನ್ ಆರಕ್ಕ ನಿಂದರ್ತದ, ಅದರ ಸಪ್ಪಳ ನನ್ನ ಕಿವ್ಯಾಗ ಎಂಟರ ತನಕ ಇರ್ತದ. ಆಮ್ಯಾಲ ಮನಿ ಜರಾ ದೊಡ್ಡದು ಅನಿಸ್ತದ. ಲಗ್ನ ಆಗಿಲ್ಲ ನಾ. ಮೊದಲ ಶೆಡ್ಡು ಆಗಲಿ ಅಂದೆ, ಆಮ್ಯಾಲ ಮಷಿನ್ ಬರಲಿ ಅಂದೆ, ಸಾಲ ತೀರಲಿ ಅಂದೆ. ಎಲ್ಲಾ ತೀರಿದಾಗ ಹುಡುಗಿ ತೋರಸೋರೇ ತೀರಿದ್ರು.

ಮುಂದಿನದು ೧೨ ಕಳಸು. ಅವಸರ ಇಲ್ಲ.

ಅಮರನಾಥ

~

ಕಮಲಾಪುರ
೧೭-೧೦-೨೦೨೪

ಅಮರ್ಯಾ,

ನಿನ್ನ ಕಾರ್ಡು ಬಂತು. ನನಗ ಬೇಕಾದ ಹನ್ನೊಂದರಾಗ ಈಗ ಮೂರು ತುಂಬಿದವು. ಪೋಸ್ಟ್‌ಮ್ಯಾನ್ ಸೈಕಲ್ ಇಳಿಯೋದರಾಗ ಕೌಸರ್ ಒಳಗಿಂದ ಅಂತಾಳ, "ಬಂತ್ರೀ ನಿಮ್ಮ ಕಲಬುರಗಿ ಸವತಿ ಪತ್ರ." ಲಗ್ನಕ್ಕ ಮೊದಲ ನನಗ ಒಂದು ಸಾಲು ಬರೀಲಿಲ್ಲ, ಈಗ ಗಂಡಸಿಗಿ ಎರಡೆರಡು ಪುಟ ಬರೀತೀರಿ ಅಂತ ದಿನಾ ಮೂದಲಸ್ತಾಳ. ಅವಳ ಮಾತು ಖರೇನೇ. ಇಷ್ಟು ನಾ ಯಾರಿಗೂ ಬರದಿಲ್ಲ.

ಇಲ್ಲಿ ಹೊಲಿಗಿ ಕಮ್ಮಿ. ಈ ವರ್ಷ ಎರಡು ಶಾಲಿಯವರು ರೆಡಿಮೇಡ್ ತರಸಿಕೊಂಡ್ರು. ಉಳದದ್ದು ಗುಂಡಿ ಹಚ್ಚೋದು, ಪ್ಯಾಂಟ್ ಉದ್ದ ಮಾಡೋದು. ಅಮೀನಾ ನರ್ಸಿಂಗ್ ಕಲೀಲಾಕ ಕಲಬುರಗಿಗಿ ಬಸ್ಸಿನ್ಯಾಗ ಹೋಗಿ ಬರ್ತಾಳ. ಹಗಲು ಅಂಗಡ್ಯಾಗ ನಾನು, ಮಷಿನ್, ಹಳೇ ರೇಡಿಯೋ. ಗಿರಾಕಿ ಬಂದ್ರ ಟೇಪ್ ಕೊರಳಿಗಿ ಹಾಕೊಂಡು ಬ್ಯುಸಿ ಇದ್ದಂಗ ಮಾಡ್ತೀನಿ. ಇದನ್ನ ಕೌಸರಗೂ ಹೇಳಿಲ್ಲ.

ಇದರಾಗ ೫೧. ಮೂವತ್ತು ವರ್ಷದ ಹಿಂದ ಇಲ್ಲೇ ಬಸ್ಟ್ಯಾಂಡಿನ ಗೂಡಂಗಡ್ಯಾಗ ಗಮ್ ಕೊಂಡಾಗ ಬಂದದ್ದು. ಗಮ್ ಕಹಿ ಆಗಿತ್ತು, ಕಾರ್ಡು ಚೊಲೊ ಇತ್ತು.

ಒಂದು ಕೇಳ್ತೀನಿ. ಸೆಟ್ಟು ಪೂರಾ ತುಂಬಿದ ಮ್ಯಾಲ ನಿಮ್ಮ ಮಂಡಳಿ ಮಂದಿ ಏನ್ ಮಾಡ್ತಾರ?

ಮಕ್ಸೂದ್

~

ಐವಾನ್-ಎ-ಶಾಹಿ
೧೦-೧೧-೨೦೨೪

ಮಕ್ಸೂದಾ,

ತುಂಬಿದ ಮ್ಯಾಲ ಆಲ್ಬಮ್ ಕಪಾಟಿನ್ಯಾಗ ಇಟ್ಟು, ತಿಂಗಳಿಗೊಮ್ಮೆ ಬಂದು, ತುಂಬದವರ ಜೋಡಿ ಚಹಾ ಕುಡೀತಾರ. ಅವರು ಮಾತಾಡೋದು ಕಮ್ಮಿ ಆಗ್ತದ. ಯಾಕಂದ್ರ ಅವರಿಗಿ ಯಾರೂ ಏನೂ ಕೇಳಲ್ಲ. ಅದಕ್ಕ ತುಂಬೋ ಗಡಬಿಡಿ ಮಾಡಬ್ಯಾಡ.

ನನಗಂತೂ ಇನ್ನೂ ಭಾಳ ಬೇಕಾಗ್ಯಾವ. ಮೊದಲ ಪಟ್ಟಿನ್ಯಾಗ ಬಿಟ್ಟು ಹೋಗಿದ್ದವು, ಹೊಸದಾಗಿ ಸೇರಿಸೀನಿ: ೩, ೨೮, ೪೪. ೪೪ರ ಕೆಳಗ ಕೆಂಪು ಗೆರಿ ಎಳದೀನಿ ನೋಡು, ಅದು ಎಲ್ಲೂ ಸಿಗವಲ್ದು. ನಿನ್ನ ಪಟ್ಟಿನ್ಯಾಗ ಅದರ ಹೆಸರು ಅದ ಅಂತ ಕೇಳಿದೆ. ಇಲ್ಲಂದ್ರ ಇಲ್ಲ.

ಇದರಾಗ ೬೬. ಇದನ್ನ ಕೋಟನೂರಿನ ಒಬ್ಬ ರಿಟೈರ್ಡ್ ಕಂಡಕ್ಟರ್ ಕಡಿಂದ ತೊಗೊಂಡೆ. ಅವ ಟಿಕೆಟ್ ಚೀಲದಾಗ ಇಪ್ಪತ್ತು ವರ್ಷ ಇಟ್ಕೊಂಡು ತಿರಿಗ್ಯಾನ.

ನಿಮ್ಮೂರಿನ ಬಸ್ಸು ನನ್ನ ಕಾರ್ಖಾನಿ ಗೇಟ್ ಮುಂದೇ ಹೋಗ್ತಾವ. ಅಮೀನಾ ಯಾವುದರಾಗ ಇರ್ತಾಳೋ. ನಾ ಕುರ್ಚಿ ಈಗ ರೋಡಿನ ಕಡಿ ಮಾರಿ ಮಾಡಿ ಹಾಕೀನಿ. ಗಾಳಿ ಬರ್ತದ ಅಂತ.

ಅಮರ್ಯಾ

~

ಕಮಲಾಪುರ
೧೧-೧-೨೦೨೫

ಅಮರನಾಥ ಅವರಿಗೆ,

ಜನವರಿ ಐದಕ್ಕ ನಿಮ್ಮ ಮಂಡಳಿ ಕೂಡಿದ ಫೋಟೋ ಅಮೀನಾ ಫೋನಿಗಿ ಬಂತು. ಮೇಜಿನ ಮ್ಯಾಲ, ಚಹಾ ಕಪ್ಪಿನ ಬಾಜೂಕ, ನೀಲಿ ಚೌಕಡಿ ಗವಸು ನಾಕು ಕಂಡವು. ನಾ ಮೊದಲ ಅರಿವಿ ಒಂದೇ ಥರ ಇರಬೇಕು ಅಂದೆ. ಅಮೀನಾ ಫೋಟೋ ದೊಡ್ಡದು ಮಾಡಿ ತೋರ್ಸಿದಳು. ಮೂಲಿ ಎರಡು ಸಲ ಮಡಚಿ ಹೊಲಿಯೋದು ನನ್ನ ಕೈ.

ಅವಳ ಕಡಿಂದ ಗುರುಲಿಂಗಪ್ಪನವರಿಗಿ ಕೇಳಿಸಿದೆ. ಪಾಪ, ಅವರಿಗಿ ಏನೂ ಗೊತ್ತಿಲ್ಲ, ಸಂತೋಷದಿಂದ ಹೇಳಿದ್ರು. "ಅಮರನಾಥ ಅವರು ನವೆಂಬರದಿಂದ ತರಲಾಕತ್ಯಾರ, ಏಳು ಆದವು. ಗವಸು ಇದ್ದದ್ದಕ್ಕ ಒಂದಕ್ಕ ಎರಡು ಕಾರ್ಡು ತೊಗೊಂಡು ಕೊಟ್ಟಾರ, ವ್ಯಾಪಾರ ಅಂದ್ರ ಅವರದು" ಅಂದ್ರು.

ನಾ ಕಳಿಸಿದ್ದು ಏಳೇ.

ಮೋಸ ಅಂತ ಬರೆಯಲ್ಲ. ಒಂದಕ್ಕ ಒಂದು ಅಂತ ಕರಾರಿತ್ತು, ನೀವು ಕೊಟ್ಟೀರಿ. ನಿಮ್ಮ ಮಾಲು ನೀವು ಮಾರಿಕೊಂಡ್ರಿ. ಬೇಕು, ಬೇಕು, ಎಲ್ಲೂ ಸಿಗವಲ್ದು ಅಂತ ಬರದದ್ದು ಮಾತ್ರ ನನಗ ಹೊಸದಲ್ಲ. ಈ ಸಲ 'ಪಾಪ' ಅಂದಿಲ್ಲ, ಅಷ್ಟೇ ಫರಕು.

ಗವಸು ಮಾರಲಾಕ ಹೊಲದಿರ್ಲಿಲ್ರೀ. ಮಾರೋದಿದ್ದರ ನಾ ಟೇಲರ್, ನಾನೇ ರೇಟು ಹೇಳ್ತಿದ್ದೆ.

ಇನ್ನ ಪತ್ರ ಬ್ಯಾಡ.

ಮಕ್ಸೂದ್

~

ಐವಾನ್-ಎ-ಶಾಹಿ
೧೬-೧-೨೦೨೫

ಮಕ್ಸೂದಾ,

ಬ್ಯಾಡ ಅಂದಿ, ಆದ್ರೂ ಬರೀತೀನಿ. ನೀವು ಅಂತ ಬರದಿ, ನಾ ತಿದ್ದಿಕೊಳ್ಳಲ್ಲ.

ನೀ ಕಳಿಸಿದ ಏಳೂ ನನ್ನ ಬಳಿ ಮೊದಲೇ ಇದ್ದವು. ನನ್ನ ಸೆಟ್ಟು ತುಂಬಿ ಮೂರು ವರ್ಷ ಆಯ್ತು. ಎಪ್ಪತ್ತೆರಡಕ್ಕ ಎಪ್ಪತ್ತೆರಡು. ನನಗ ಒಂದು ಕಾರ್ಡೂ ಬೇಕಾಗಿರ್ಲಿಲ್ಲ. ನಿನ್ನ ಪಟ್ಟಿನ್ಯಾಗ ಇದ್ದ ನಂಬರ್ ನೋಡಿ, ಅವೇ ಬೇಕು ಅಂತ ಬರದೆ. ಕಾರ್ಡು ಬೇಕು ಅಂದ್ರ ಮಾತ್ರ ನೀ ಜವಾಬು ಬರೀತಿದ್ದಿ ಅಂತ ಅನಿಸಿತ್ತು.

ಹಂಗಾಗಿ ನಿನ್ನವು ಬಂದಂಗ ಬಂದಂಗ ಡಬಲ್ ಆದವು. ಮಾಲು ಸುಮ್ನ ಬಿದ್ದಿರೋದು ನಾ ನೋಡಲಾರೆ, ಅದು ನನ್ನ ರೋಗ. ನಾಕು ತಗಡಿನ ಚೂರು ಉಳದ್ರೂ ಅದರಾಗ ಏನಾದ್ರೂ ಮಾಡ್ಸಿ ಮಾರೋನು ನಾ. ಐತವಾರ ಮಂಡಳಿಗಿ ಹೋಗೋವಾಗ ಕಿಸೆದಾಗ ಹಾಕೊಂಡೆ. ಯಾರೋ ಗವಸು ಚಂದ ಅದ ಅಂದ್ರು, ನನ್ನ ಬಾಯಿ ಅದರ ಪಾಡಿಗಿ ಅದು "ಗವಸು ಸಮೇತ ಅಂದ್ರ ಎರಡು" ಅಂತು. ಹೇಳಿ ಮುಗಿಸೋದರಾಗ ವ್ಯಾಪಾರ ಆಗಿತ್ತು. ಮುಂದಿನ ತಿಂಗಳು ಮತ್ತ ಒಯ್ದೆ. ಅದಕ್ಕ ಏನೂ ಸಬೂಬು ಇಲ್ಲ.

ಇದು ಖರೆ. ಖರೆ ಅಂತ ತೋರಸಲಾಕ ಏಳೂ ನಂಬರಿನ ಕಾರ್ಡು ನಾಳೆ ಕಳಸಲೇ ಅಂದ್ರ, ಈಗ ಕೊಂಡು ತಂದಾನ ಅಂತಿ. ಮಲಂಗಸಾಬನ ಕಡಿಂದ ಸಾಕ್ಷಿ ಹೇಳಸಲೇ ಅಂದ್ರ, ಪಗಾರ ಕೊಡೋನ ಪರ ಹೇಳ್ಯಾನ ಅಂತಿ. ಎಣಿಸಿ ನೋಡಿದ್ರ ನನ್ನ ಕಡಿ ಬರೇ ಮಾತು ಅದ, ಅದಕ್ಕ ನಿನ್ನ ಹತ್ರ ಎಷ್ಟು ಬೆಲಿ ಅಂತ ನನಗ ಗೊತ್ತು.

ಅಮರ್ಯಾ

~

ಕಪನೂರ
೩-೨-೨೦೨೫

ಗುರುಲಿಂಗಪ್ಪನವರಿಗೆ ಶರಣು.

ಫೋನಿನ್ಯಾಗ ಹೇಳೋದಲ್ಲ, ಅದಕ್ಕ ಬರೀತೀನಿ.

ಒಂದು ಉಪಕಾರ ಬೇಕು. ಕಳೆದ ಜೂನ್ ತಿಂಗಳಾಗ ಮಂಡಳಿ ದಫ್ತರಕ್ಕಂತ ಎಲ್ಲಾರ ಆಲ್ಬಮ್ಮಿಂದು ಪುಟ ಪುಟ ಫೋಟೋ ತೆಗದು, ತಾರೀಕು ಹಾಕಿ ಹಚ್ಚಿದ್ರಿ. ಆಗ ನಾ ನಕ್ಕಿದ್ದೆ, ಇದೇನ್ರೀ ಜಮೀನಿನ ಪಹಣಿ ಇದ್ದಂಗ ಅಂತ. ನನ್ನ ಆಲ್ಬಮ್ಮಿನ ಫೋಟೋ, ತಾರೀಕು, ನಿಮ್ಮ ಸಹಿ ಸಮೇತ ಕಮಲಾಪುರದ ಮಕ್ಸೂದ್ ಟೇಲರ್ ಅವರಿಗಿ ಕಳಸ್ರಿ. ಜೂನ್ ಅಂದ್ರ ನಾ ಅವರಿಗಿ ಮೊದಲ ಪತ್ರ ಹಾಕೋಕ್ಕಿಂತ ಎರಡು ತಿಂಗಳು ಮುಂಚೆ. ನನ್ನ ಕಡಿಂದ ಹೋದ್ರ ಅವರು ನಂಬಲ್ಲ. ನಿಮ್ಮ ಕಡಿಂದ ಹೋದ್ರ ನಂಬ್ತಾರ.

ಮತ್ತ, ನೀಲಿ ಗವಸು ಯಾರ್ಯಾರ ಹತ್ರ ಅದಾವೋ ಅವರ ಹೆಸರು ಕೊಡ್ರಿ. ಕಾರ್ಡು ಅವರೇ ಇಟ್ಕೊಳ್ಳಲಿ.

ಅಮರನಾಥ

~

ಕಲಬುರಗಿ
೧೨-೨-೨೦೨೫

ಶ್ರೀ ಅಮರನಾಥ ಅವರಿಗೆ,

ಫೋಟೋ ಆರು ಪುಟ, ಸಹಿ ಮಾಡಿ, ಅಂಗಡಿ ಸಿಕ್ಕಾ ಹಾಕಿ ರವಾನೆ ಮಾಡಿದ್ದೇನೆ. ಗವಸು ಇರುವವರ ಹೆಸರುಗಳು ಜೊತೆಗಿನ ಚೀಟಿಯಲ್ಲಿವೆ. ಐದು ಇಲ್ಲೇ ಇವೆ. ಒಂದು ಬೀದರದವರು ಒಯ್ದರು, ೪೪ ನಂಬರಿನ ಜೊತೆ. ಅವರ ಮೊಮ್ಮಗಳು ಅದನ್ನು ಕನ್ನಡಕದ ಮನೆ ಮಾಡಿಕೊಂಡಿದ್ದಾಳಂತೆ. ಇನ್ನೊಂದು ಎಲ್ಲಿ ಹೋಯಿತೋ ತಿಳಿಯದು.

ವಯಸ್ಸಿನಲ್ಲಿ ನಾನು ಹಿರಿಯ, ಅದಕ್ಕೆ ಒಂದು ಮಾತು. ನೀವು ಮೂವತ್ತೆಂಟು ಕಿಲೋಮೀಟರ್ ದೂರದವರಿಗೆ ನನ್ನ ಸಿಕ್ಕಾ ಕಳಿಸುತ್ತಿದ್ದೀರಿ. ನೀವೇ ಹೋಗಬಹುದಿತ್ತು.

ಇತಿ,
ಗುರುಲಿಂಗಪ್ಪ

~

ಕಮಲಾಪುರ
೯-೩-೨೦೨೫

ಅಮರ್ಯಾ,

ಫೋಟೋ ಬಂದವು. ಅಮೀನಾ ಒಂದೊಂದು ನಂಬರ್ ಓದಿದಳು, ನಾ ಟಿಕ್ ಹಾಕಿದೆ. ಎಪ್ಪತ್ತೆರಡಕ್ಕ ಎಪ್ಪತ್ತೆರಡು. ತಾರೀಕು ಜೂನ್. ನೀ ಬರದದ್ದು ಖರೆ ಅದ.

ನಾ ಬರೀಲಾಕ ಇಷ್ಟು ದಿನ ಯಾಕ ಹಚ್ಚಿದೆ ಅಂದ್ರ, ನೀ ಮೋಸ ಮಾಡಿದ್ದಿ ಅಂತ ಇದ್ದಾಗ ನಾ ಆರಾಮ ಇದ್ದೆ. ಸಿಟ್ಟು ಮಾಡ್ಕೊಂಡು ಮಷಿನ್ ತುಳದ್ರ ಆಗ್ತಿತ್ತು. ಈಗ ಹಂಗ ಆಗವಲ್ದು. ನನಗ ಖರೇನೇ ಕಾರ್ಡು ಬೇಕಾಗಿದ್ದವು. ನೀ ಏಳು ಸಲ ಕೊಟ್ಟಿ, ನಿನಗ ಬ್ಯಾಡಾದದ್ದು ಏಳು ಸಲ ತೊಗೊಂಡಿ. ಅಂಗಡಿಗಿ ಬಂದು ಹರೀಲಾರದ ಅಂಗಿಗಿ ತ್ಯಾಪಿ ಹಚ್ಚಿಸಿಕೊಂಡು ರೊಕ್ಕ ಕೊಟ್ಟು ಹೋದಂಗ ಆಯ್ತು. ಅಂಥ ಗಿರಾಕಿ ಒಬ್ಬರು ಅದಾರ ಇಲ್ಲಿ, ಮಾಸ್ತರರು. ಅವರು ಬಂದ ದಿನ ನನಗ ಊಟ ಸೇರಲ್ಲ.

೪೪ ನನ್ನ ಹತ್ರ ಒಂದೇ ಇತ್ತು. ನೀ ಕೆಂಪು ಗೆರಿ ಎಳದಿದ್ದಿ. ಎರಡು ದಿನ ವಿಚಾರ ಮಾಡಿದೆ. ಅಮರ್ಯಾನ ಸೆಟ್ಟು ತುಂಬಲಿ, ನಂದು ಹೆಂಗೂ ತುಂಬೋದು ತಡ ಅದ ಅಂತ ಆಲ್ಬಮ್ಮಿನಿಂದ ತೆಗದು ಕಳಸಿದೆ. ಪತ್ರದಾಗ ಡಬಲ್ ಇತ್ತು ಅಂತ ಬರದೆ. ಕರಾರು ಹಾಕಿದವ ನಾನೇ, ಸುಳ್ಳ ಬರದೆ. ಹಂಗಾಗಿ ನಿನಗ ದೊಡ್ಡ ಮಾತು ಆಡಲಾಕ ನನಗ ಬಾಯಿ ಇಲ್ಲ.

ಮತ್ತ ಜನವರಿ ಹತ್ತೊಂಬತ್ತಕ್ಕ ನೀ ಬಂದಿದ್ದಿ. ಕೌಸರ್ ನೋಡ್ಯಾಳ. ಅಂಗಡಿ ಎದರಿಗಿ ಬಾಳಿಹಣ್ಣಿನ ಬಂಡಿ ಹತ್ರ ಅರ್ಧ ತಾಸು ಚೌಕಾಶಿ ಮಾಡ್ದಿ ಅಂತ. "ಒಬ್ಬ ಮನುಷ್ಯಾ ಹಣ್ಣಿನ ರೇಟು ಕೇಳ್ತಾನ, ನಮ್ಮ ಅಂಗಡಿ ನೋಡ್ತಾನ, ಮತ್ತ ರೇಟು ಕೇಳ್ತಾನ" ಅಂದ್ಲು. ನಾ ಎದ್ದು ಬಂದಾಗ ಬಸ್ಸು ಹತ್ತಲಾಕತ್ತಿದ್ದಿ. ಬೆನ್ನು ನೋಡಿ ಗುರ್ತು ಹಿಡದೆ. ಕರೀಲಿಲ್ಲ. ಅದು ನನ್ನ ತಪ್ಪು, ಬರಕೋ.

ನೀ ಕೊಟ್ಟ ಏಳು ಕಾರ್ಡು ಇದರಾಗ ವಾಪಸ್ ಅದಾವ. ಗವಸು ಹಾಕಿಲ್ಲ, ರಟ್ಟು ಇಟ್ಟು ಕಟ್ಟೀನಿ. ಇನ್ನ ನಮ್ಮ ನಡುವ ಯಾರದೂ ಯಾರ ಬಳಿ ಇಲ್ಲ. ನನಗ ಕಾರ್ಡು ಕಳಸಬ್ಯಾಡ, ೪೪ಂತೂ ಬ್ಯಾಡೇ ಬ್ಯಾಡ. ಕಾರ್ಡು ಇಲ್ಲದ ಪತ್ರ ಒಂದು ಬರೀಲಾಕ ಬಂದ್ರ ಬರಿ. ಓದ್ತೀನಿ. ಜವಾಬು ಬರೀತೀನಿ ಅಂತ ಮಾತು ಕೊಡಲ್ಲ.

ಮಕ್ಸೂದ್

~

ಐವಾನ್-ಎ-ಶಾಹಿ
೭-೪-೨೦೨೫

ಮಕ್ಸೂದಾ,

ಇದರಾಗ ಕಾರ್ಡು ಇಲ್ಲ. ಲಕೋಟಿ ತೂಕ ಮಾಡಿ ನೋಡಿದ್ರ ಬರೇ ಕಾಗದ.

ನಾಕು ವಾರ ಹಿಡೀತು. ಏನರೆ ಕೊಡೋದಿದ್ದರ, ತೊಗೊಳ್ಳೋದಿದ್ದರ ನನ್ನ ಪೆನ್ನು ಓಡ್ತದ. ಎರಡೂ ಇಲ್ಲಂದ್ರ "ಮಕ್ಸೂದಾ" ಅಂತ ಬರದು ಕೂಡ್ತೀನಿ. ಹಂಗ ಬರದ ಹಾಳಿ ಹನ್ನೆರಡು ಆಗ್ಯಾವ. ಹಿಂದಿನ ಪುಟ ಖಾಲಿ ಅದ ಅಂತ ಮಲಂಗಸಾಬ ಅವುಗಳ ಮ್ಯಾಲ ಜರಡಿ ಅಳತಿ ಬರಕೊಳ್ಳಲಾಕತ್ಯಾನ.

ಹಣ್ಣಿನ ಬಂಡ್ಯಾಂವ ಡಜನಿಗಿ ನೂರಾ ಇಪ್ಪತ್ತು ಅಂದ. ನಾ ನೂರಕ್ಕ ಕೇಳಿದೆ. ಅವ ಒಪ್ಪಿದ. ಒಪ್ಪಿದ್ರ ವ್ಯಾಪಾರ ಮುಗೀತದ, ಅಲ್ಲಿ ನಿಂದ್ರಲಾಕ ಕಾರಣ ಇರಲ್ಲ ಅಂತ ತೊಂಬತ್ತಕ್ಕ ಕೇಳಿದೆ. ಅವ ಸಿಟ್ಟಿಗೆದ್ದು ಮತ್ತ ನೂರಾ ಇಪ್ಪತ್ತು ಅಂದ. ಕಡಿಗಿ ಅಷ್ಟೇ ಕೊಟ್ಟೆ. ನನ್ನ ಜೀವಮಾನದಾಗ ಮೊದಲು ಹೇಳಿದ ರೇಟಿಗಿ ಏನರೆ ಕೊಂಡದ್ದು ಅದೊಂದೇ. ನೀ ಒಳಗ ಬಲ್ಬಿನ ಕೆಳಗ ಸೂಜಿಗಿ ದಾರ ಪೋಣಸಲಾಕತ್ತಿದ್ದಿ. ಮೂರು ಸಲ ತಪ್ಪಿತು. ನಾಕನೇ ಸಲ ನಾ ನೋಡ್ಲಿಲ್ಲ, ಬಸ್ಸು ಬಂತು.

೪೪ ನೀ ಬ್ಯಾಡ ಅಂದಿ, ಕಳಸಿಲ್ಲ. ಆದ್ರ ನನ್ನ ಆಲ್ಬಮ್ಮಿನಿಂದ ನಂದು ತೆಗದೀನಿ. ಗುರುಲಿಂಗಪ್ಪನವರಿಗಿ ನಿನ್ನಿ ಹೇಳಿದೆ, ದಫ್ತರದಾಗ ನನ್ನ ಹೆಸರಿನ ಮುಂದ ಎಪ್ಪತ್ತೊಂದು ಅಂತ ಬರಕೋರಿ ಅಂತ. ಅವರು ಕನ್ನಡಕ ತೆಗದು ನನ್ನ ಮಾರಿ ನೋಡಿದ್ರು. ಆ ಕಾರ್ಡು ಈಗ ಅಡಗಿ ಮನಿ ಡ್ರಾದಾಗ ಅದ, ಕಡ್ಡಿ ಪೆಟ್ಟಿಗಿ ಬಾಜೂಕ. ಮನಿಗಿ ಬಂದೋರು ಯಾರಾದ್ರೂ ತೊಗೊಂಡು ಹೋಗಬಹುದು. ಮನಿ ಐವಾನ್-ಎ-ಶಾಹಿ ಗೆಸ್ಟ್ ಹೌಸ್ ದಾಟಿದ ಮ್ಯಾಲ ಎಡಕ್ಕ ಎರಡನೇ ಓಣಿ, ಹಸಿರು ಗೇಟು. ಐತವಾರ ಇಡೀ ದಿನ ತೆರದಿರ್ತದ.

ನೀ ಹೆಂಗಿದ್ದಿ? ಕೌಸರ್ ಅವರು ಹೆಂಗ ಅದಾರ? ಈ ಎರಡು ಸಾಲು ಹೋದ ಆಗಸ್ಟಿನ್ಯಾಗೇ ಬರೀಬೇಕಿತ್ತು.

ಇನ್ನ ನನಗ ಬರೋದು ಒಂದೇ, ಅದನ್ನ ಬರದು ಮುಗಸ್ತೀನಿ. ಯಾರಿಗಿ ಏನು ಸಿಕ್ತು:

ಅಂಚೆ ಇಲಾಖೆ: ಇದೂ ಹಿಡಿದು ಹತ್ತೊಂಬತ್ತು ಸ್ಪೀಡ್ ಪೋಸ್ಟು.
ಮಂಡಳಿ ಮಂದಿ: ನಿನ್ನ ಏಳು ಕಾರ್ಡು.
ಬೀದರದ ಹುಡುಗಿ: ಒಂದು ಕನ್ನಡಕದ ಮನಿ.
ಹಣ್ಣಿನ ಬಂಡ್ಯಾಂವ: ತಾ ಹೇಳಿದ ರೇಟು.
ನೀನು: ಏಳು ಕೊಟ್ಟಿ, ಏಳು ಬಂದವು, ಬಂದ ಏಳೂ ವಾಪಸ್ ಕಳಿಸಿದಿ. ಏಳು ಕಡಿಮಿ.
ನಾನು: ಮಂಡಳಿಯಿಂದ ಬಿಡಸಿಕೊಂಡ ಐದು ಖಾಲಿ ಗವಸು, ನಿನ್ನ ಒಂಬತ್ತು ಪತ್ರ.

ಅಮರ್ಯಾ